ಇಂಗ್ಲಿಷ್ ಓದು: ಅಳತೆಗೋಲನ್ನೇ ಅಳೆದು ನೋಡಿದಾಗ

ಮೊದಲು ಒಂದು ಸಣ್ಣ ಪರೀಕ್ಷೆ. ಕೆಳಗಿನ ಎರಡು ವಾಕ್ಯಗಳನ್ನು ಓದಿ, ಪ್ರಶ್ನೆಗಳಿಗೆ ಉತ್ತರಿಸಿ.

‘ನಿನ್ನೆ ಸಂಜೆ ಲೋಮಟನು ಗಿರಗದ ತುಂಬಳಕ್ಕೆ ಹೋಗಿ ಎರಡು ಜಿಪ್ಪಳಗಳನ್ನು ಮಿರುಚಿದನು. ಜಿಪ್ಪಳಗಳು ಬಹಳ ತೊರಟಾಗಿದ್ದುದರಿಂದ ಅವನು ಅವುಗಳನ್ನು ಕೊಡಗಿಸಲಿಲ್ಲ.’

ಲೋಮಟನು ಎಲ್ಲಿಗೆ ಹೋದನು? ಅಲ್ಲಿ ಏನನ್ನು ಮಿರುಚಿದನು? ಎಷ್ಟು? ಅವನು ಅವುಗಳನ್ನು ಏಕೆ ಕೊಡಗಿಸಲಿಲ್ಲ?

ನಾಲ್ಕಕ್ಕೆ ನಾಲ್ಕೂ ಅಂಕ ಎಲ್ಲ ಓದುಗರಿಗೂ ಸಿಕ್ಕಿರುತ್ತವೆ. ಆದರೆ ಜಿಪ್ಪಳವೆಂದರೆ ತಿನ್ನುವ ವಸ್ತುವೋ, ಮೇಯಿಸುವ ಪ್ರಾಣಿಯೋ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದಕ್ಕೆ ಅಂಥ ಪದವೇ ಕನ್ನಡದಲ್ಲಿಲ್ಲ. ‘ಎಲ್ಲಿಗೆ’ ಎಂದು ಕೇಳಿದರೆ ‘ಕ್ಕೆ’ ಎಂದು ಮುಗಿಯುವ ಪದವನ್ನು ಹುಡುಕಬೇಕು, ‘ಏಕೆ’ ಎಂದು ಕೇಳಿದರೆ ‘ಆದ್ದರಿಂದ’ ಇರುವ ಕಡೆ ಬೆರಳಿಡಬೇಕು. ಇಷ್ಟು ಗೊತ್ತಿದ್ದರೆ ಸಾಕು, ಒಂದಕ್ಷರವೂ ಅರ್ಥವಾಗದೆ ನೂರಕ್ಕೆ ನೂರು ತೆಗೆಯಬಹುದು.

ಇದು ಕುಚೋದ್ಯವಲ್ಲ. ಮನೋಳಿಯಂಥ ಊರಿನ ಕನ್ನಡ ಮಾಧ್ಯಮದ ಪ್ರೌಢಶಾಲೆಯ ವಿದ್ಯಾರ್ಥಿ ಪ್ರತಿ ವರ್ಷ ಇಂಗ್ಲಿಷ್ ಪರೀಕ್ಷೆಯಲ್ಲಿ ಎದುರಿಸುವ ‘ಪ್ಯಾಸೇಜ್’ ಎಂಬುದು ಬಹಳ ಸಲ ಇದೇ ಜಾತಿಯದು. ಅದರಲ್ಲಿ ‘ವೇರ್’ ಎಂದರೆ ‘ಅಟ್’, ‘ಇನ್’ ಇರುವ ಸಾಲು, ‘ವೈ’ ಎಂದರೆ ‘ಬಿಕಾಸ್’ ಇರುವ ಸಾಲು. ಆ ಸಾಲನ್ನು ಎತ್ತಿ ಉತ್ತರಪತ್ರಿಕೆಗೆ ಇಳಿಸಿದರೆ ಅಂಕ ಖಾತ್ರಿ. ಮಗು ಓದಿತೇ? ಪರೀಕ್ಷೆ ಹೌದೆನ್ನುತ್ತದೆ. ಮೂರು ತಿಂಗಳ ನಂತರ ಅದೇ ಮಗು ಸವದತ್ತಿಯಲ್ಲೋ ಬೈಲಹೊಂಗಲದಲ್ಲೋ ಧಾರವಾಡದಲ್ಲೋ ಪಿಯು ವಿಜ್ಞಾನಕ್ಕೆ ಸೇರಿ, ಇಂಗ್ಲಿಷಿನ ಭೌತಶಾಸ್ತ್ರದ ಪುಸ್ತಕ ತೆರೆದು ಕುಳಿತಾಗ ಬೇರೆಯೇ ಉತ್ತರ ಸಿಗುತ್ತದೆ. ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಎಂಬತ್ತಕ್ಕೆ ಎಪ್ಪತ್ತು ಪಡೆದವರು ಒಂದು ಪುಟ ದಾಟಲಾರದೆ ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಬದಲಾಯಿಸಿಕೊಳ್ಳುವುದು ಈ ಭಾಗದ ಉಪನ್ಯಾಸಕರಿಗೆ ಹೊಸ ಸಂಗತಿಯೇನಲ್ಲ. ದೋಷ ಮಗುವಿನದೆಂದು ಎಲ್ಲರೂ ಭಾವಿಸುತ್ತಾರೆ, ಮಗು ಕೂಡ. ಅಳತೆಗೋಲು ಸರಿಯಿತ್ತೇ ಎಂದು ಕೇಳುವವರು ಕಡಿಮೆ.

ಪರಿಚಿತ ಪಾಠ, ಅಪರಿಚಿತ ಭಾಷೆ

ಕರ್ನಾಟಕದ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಪ್ರಥಮ ಭಾಷೆಗೆ ಈ ಹೆಚ್ಚಿನ ಅಂಕ ಬಂದದ್ದರ ಹಿಂದೆ ವಿ.ಕೃ. ಗೋಕಾಕ್ ಸಮಿತಿಯ ವರದಿ, 1980ರ ದಶಕದ ಚಳವಳಿ ಎಲ್ಲ ಇವೆ. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ಅದರ ನೂರರಲ್ಲಿ 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ, 80 ಲಿಖಿತ ಪರೀಕ್ಷೆಗೆ. ಅದೇ ಗೋಕಾಕರು ಇಂಗ್ಲಿಷಿನಲ್ಲಿ ಬರೆದ ‘ದ ಸಾಂಗ್ ಆಫ್ ಇಂಡಿಯಾ’ ಕವಿತೆ ಹತ್ತನೆಯ ತರಗತಿಯ ಈ ದ್ವಿತೀಯ ಭಾಷೆಯ ಪುಸ್ತಕದಲ್ಲಿ ಪದ್ಯವಾಗಿ ಬಂದು ಕುಳಿತದ್ದು ಒಂದು ಸೋಜಿಗ.

ಈ 80 ಅಂಕಗಳಲ್ಲಿ ಮಗು ಹಿಂದೆ ಎಂದೂ ನೋಡಿರದ ಗದ್ಯಭಾಗವನ್ನು ಓದಿ ಉತ್ತರಿಸುವ ಪಾಲು ಎಷ್ಟು? ಇತ್ತೀಚಿನ ವರ್ಷಗಳ ಪತ್ರಿಕೆಗಳನ್ನು ತಿರುವಿದರೆ ಸಿಗುವುದು ನಾಲ್ಕಾರು ಅಂಕ ಮಾತ್ರ. ಉಳಿದದ್ದು ಪಠ್ಯಪುಸ್ತಕದ ಪಾಠಗಳ ಮೇಲಿನ ಪ್ರಶ್ನೆ, ಸಂದರ್ಭ ಸಹಿತ ವಿವರಣೆ, ಕಂಠಪಾಠದ ಪದ್ಯ, ವ್ಯಾಕರಣ, ಪತ್ರ, ಪ್ರಬಂಧ. ಹೋಲಿಕೆಗೆ ಸಿಬಿಎಸ್‌ಇ ಹತ್ತನೆಯ ತರಗತಿಯ ಇಂಗ್ಲಿಷನ್ನು ನೋಡಿದರೆ, ಅಲ್ಲಿ 80ರಲ್ಲಿ 20 ಅಂಕ ಅಪರಿಚಿತ ಗದ್ಯದ ಓದಿಗೇ ಮೀಸಲು. ಅಲ್ಲಿನ ಪ್ರಶ್ನೆಗಳೆಲ್ಲ ಉತ್ತಮವೆಂದೇನಲ್ಲ. ಆದರೆ ಓದು ಎಂಬುದು ಪರೀಕ್ಷಿಸಬೇಕಾದ ಪ್ರತ್ಯೇಕ ಸಂಗತಿ ಎಂದು ಒಪ್ಪಿಕೊಂಡಂತಾಯಿತು.

ಪಾಠದ ಮೇಲಿನ ಪ್ರಶ್ನೆಯೂ ಓದಿನ ಪರೀಕ್ಷೆಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಆರ್.ಕೆ. ನಾರಾಯಣರ ‘ಎ ಹೀರೋ’ ಕಥೆಯನ್ನೇ ತೆಗೆದುಕೊಳ್ಳೋಣ. ಅಪ್ಪನ ಹಟಕ್ಕೆ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗಬೇಕಾಗಿ ಬಂದ ಸ್ವಾಮಿ, ಕತ್ತಲಲ್ಲಿ ಕಳ್ಳನ ಕಾಲು ಕಚ್ಚಿ ಊರಿಗೆ ವೀರನಾಗುವ ಕಥೆ. ಹಲವಾರು ವರ್ಷ ಈ ರಾಜ್ಯದ ಮಕ್ಕಳು ಹತ್ತನೆಯ ತರಗತಿಯಲ್ಲಿ ಇದನ್ನು ಕಲಿತಿದ್ದಾರೆ. ಮಾಸ್ತರರು ಕಥೆಯನ್ನು ಕನ್ನಡದಲ್ಲಿ ರಸವತ್ತಾಗಿ ಹೇಳುತ್ತಾರೆ. ಪ್ರಶ್ನೋತ್ತರವನ್ನು ಬೋರ್ಡಿನ ಮೇಲೆ ಬರೆಸುತ್ತಾರೆ. ಮಗು ಅದನ್ನು ಬಾಯಿಪಾಠ ಮಾಡುತ್ತದೆ. ಮಾರ್ಚ್ ತಿಂಗಳಲ್ಲಿ ‘ಸ್ವಾಮಿ ಏಕೆ ಹೆದರಿದ?’ ಎಂಬ ಪ್ರಶ್ನೆ ಬಂದಾಗ ಮಗು ನೆನಪಿಸಿಕೊಳ್ಳುವುದು ನೋಟ್‌ಬುಕ್ಕಿನ ಸಾಲನ್ನು, ನಾರಾಯಣರ ವಾಕ್ಯವನ್ನಲ್ಲ. ಪುಸ್ತಕವನ್ನೇ ತೆರೆಯದಿದ್ದರೂ ನಡೆಯುತ್ತದೆ. ಇದು ಜ್ಞಾಪಕಶಕ್ತಿಯ ಪರೀಕ್ಷೆ, ಕೇಳಿದ ಕಥೆಯ ಪರೀಕ್ಷೆ, ಅಕ್ಷರ ಅಂದವಾಗಿದ್ದರೆ ಅದರದೂ ಪರೀಕ್ಷೆ. ಇಂಗ್ಲಿಷ್ ಓದಿನ ಪರೀಕ್ಷೆ ಎನ್ನುವುದು ಕಷ್ಟ.

ಫೆಬ್ರುವರಿಯಲ್ಲಿ ಶಾಲೆಗಳಿಗೆ ಬರುವ ‘ಪಾಸಿಂಗ್ ಪ್ಯಾಕೇಜ್’ ಈ ಕಾರಣದಿಂದಲೇ ಸಾಧ್ಯವಾಗಿದೆ. ಹಿಂದುಳಿದ ಮಕ್ಕಳು ಯಾವ ಯಾವ ಪ್ರಶ್ನೆ ಕಲಿತರೆ ದಡ ಸೇರಬಹುದೆಂದು ಪಟ್ಟಿ ಮಾಡಿ ಕೊಡುವ ಕಿರುಹೊತ್ತಿಗೆ ಅದು. ಅದನ್ನು ತಯಾರಿಸುವ ಶಿಕ್ಷಕರನ್ನು ದೂರಲಾಗದು. ಮಗು ನಪಾಸಾದರೆ ಶಾಲೆ ಬಿಡುತ್ತದೆ, ಹುಡುಗಿಯಾದರೆ ಮದುವೆಯ ಮಾತು ಬರುತ್ತದೆ. ಆದರೆ ಒಂದು ಪರೀಕ್ಷೆಯನ್ನು ಹೀಗೆ ಮೊದಲೇ ಪೊಟ್ಟಣ ಕಟ್ಟಿ ಕೊಡಬಹುದಾದರೆ, ಆ ಪರೀಕ್ಷೆ ಅಳೆಯುತ್ತಿರುವುದು ಪೊಟ್ಟಣವನ್ನು.

ಧೋಂಡಿಯಾ ವಾಘ್ ಮತ್ತು ಆರು ಪ್ರಶ್ನೆಗಳು

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಎಂಬುದನ್ನು ಮನೋಳಿಯದೇ ಒಂದು ಪ್ರಸಂಗದಿಂದ ನೋಡಬಹುದು. ಸರ್ಕಾರಿ ಕಾಗದಗಳಲ್ಲಿ ಊರಿನ ಹೆಸರು ಮುನವಳ್ಳಿ, ಜನರ ಬಾಯಲ್ಲಿ ಮನೋಳಿ. ಸವದತ್ತಿ ತಾಲ್ಲೂಕಿನಲ್ಲಿ, ನವಿಲುತೀರ್ಥದ ಅಣೆಕಟ್ಟಿನ ಕೆಳಗೆ, ಮಲಪ್ರಭೆಯ ದಂಡೆಯ ಮೇಲಿದೆ. ಪಂಚಲಿಂಗೇಶ್ವರ ಗುಡಿ, ಹಳೆಯ ಕೋಟೆ ಇವೆ. ಈ ಊರಿನ ಹೆಸರು ಇಂಗ್ಲಿಷರ ಇತಿಹಾಸದಲ್ಲಿ ಒಮ್ಮೆ ಬಂದುಹೋಗಿದೆ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದಾಗ ಟಿಪ್ಪುವಿನ ಸೆರೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯಾ ವಾಘ್ ಸೈನ್ಯ ಕಟ್ಟಿಕೊಂಡು ಕಂಪನಿಗೆ ತಲೆನೋವಾಗಿದ್ದ. ಅವನನ್ನು ಬೆನ್ನಟ್ಟಿ ಬಂದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್. 1800ರ ಜುಲೈ 30ರಂದು ಮನೋಳಿಯ ಎದುರು ಮಲಪ್ರಭೆಯ ದಂಡೆಯಲ್ಲಿ ಧೋಂಡಿಯಾನ ಬಿಡಾರದ ಮೇಲೆ ದಾಳಿ ನಡೆಯಿತು. ಬಹಳ ಜನ ಹೊಳೆಯಲ್ಲಿ ಮುಳುಗಿ ಸತ್ತರು. ಧೋಂಡಿಯಾ ಅಂದು ಸಿಗಲಿಲ್ಲ, ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಹತನಾದ. ಅವನ ಎಳೆಯ ಮಗ ಸಲಾಬತ್ ಖಾನನನ್ನು ಸಾಕುವ ಹೊಣೆಯನ್ನು ವೆಲ್ಲೆಸ್ಲಿಯೇ ಹೊತ್ತ.

ಈ ಸಂಗತಿಯನ್ನು ಹತ್ತನೆಯ ತರಗತಿಗೆ ತಕ್ಕ ಇಂಗ್ಲಿಷಿನಲ್ಲಿ ಹದಿನೈದು ವಾಕ್ಯಗಳಾಗಿ ಬರೆದು ಪ್ರಶ್ನೆ ಕೇಳುವುದಾದರೆ?

ಮೊದಲ ಪ್ರಶ್ನೆ: ದಾಳಿ ಯಾವ ದಿನ ನಡೆಯಿತು? ಇದು ಲೋಮಟನ ಜಾತಿಯ ಪ್ರಶ್ನೆ. ತಾರೀಖು ಕಣ್ಣಿಗೆ ಬಿದ್ದರೆ ಮುಗಿಯಿತು. ಮಕ್ಕಳಿಗೆ ಧೈರ್ಯ ತುಂಬಲು ಇಂಥದೊಂದು ಇದ್ದರೆ ತಪ್ಪಲ್ಲ, ಇಂಥವೇ ಇದ್ದರೆ ತಪ್ಪು. ಎರಡನೆಯದು: ಮನೋಳಿ ಯಾವ ನದಿಯ ದಂಡೆಯ ಮೇಲಿದೆ? ಇದು ಇನ್ನೂ ಕೆಟ್ಟದ್ದು. ಮನೋಳಿಯ ಮಗುವಿಗೆ ಗದ್ಯಭಾಗವನ್ನು ನೋಡುವ ಅಗತ್ಯವೇ ಇಲ್ಲ, ಮಂಗಳೂರಿನ ಮಗುವಿಗೆ ಇದೆ. ಒಂದೇ ಪ್ರಶ್ನೆ ಒಂದು ಊರಿನಲ್ಲಿ ಓದನ್ನೂ ಇನ್ನೊಂದು ಊರಿನಲ್ಲಿ ವಾಸವನ್ನೂ ಅಳೆಯುತ್ತದೆ.

ಮೂರನೆಯದು: ನಾಲ್ಕನೆಯ ವಾಕ್ಯದ ‘ದೆ’ ಎಂಬುದು ಯಾರನ್ನು ಸೂಚಿಸುತ್ತದೆ, ವೆಲ್ಲೆಸ್ಲಿಯ ಸೈನಿಕರನ್ನೋ ಧೋಂಡಿಯಾನ ಸೈನಿಕರನ್ನೋ? ಸರ್ವನಾಮದ ಜಾಡು ಹಿಡಿದು ಹಿಂದಿನ ವಾಕ್ಯಕ್ಕೆ ಹೋಗಿ ಬರದೆ ಇದಕ್ಕೆ ಉತ್ತರವಿಲ್ಲ. ನೋಡಲು ಚಿಕ್ಕದು, ಆದರೆ ಓದುತ್ತಿರುವವರನ್ನೂ ಸಾಲು ಎಣಿಸುತ್ತಿರುವವರನ್ನೂ ಬೇರ್ಪಡಿಸುತ್ತದೆ. ನಾಲ್ಕನೆಯದು: ‘ಪರ್ಸ್ಯೂ’ ಎಂಬ ಪದಕ್ಕೆ ಈ ಗದ್ಯದಲ್ಲಿ ಯಾವ ಅರ್ಥ? ಶಬ್ದಕೋಶದಲ್ಲಿ ಅದಕ್ಕೆ ನಾಲ್ಕಾರು ಅರ್ಥಗಳಿವೆ. ವ್ಯಾಸಂಗ ಮುಂದುವರಿಸುವುದಕ್ಕೂ ಶತ್ರುವನ್ನು ಬೆನ್ನಟ್ಟುವುದಕ್ಕೂ ಅದೇ ಪದ. ಸಂದರ್ಭದಿಂದ ಆರಿಸಿಕೊಳ್ಳುವ ಕೆಲಸ ಇಲ್ಲಿದೆ.

ಐದನೆಯದು: ಅಷ್ಟೊಂದು ಜನ ಹೊಳೆಯಲ್ಲಿ ಮುಳುಗಿದ್ದೇಕೆ? ಗದ್ಯದಲ್ಲಿ ಎಲ್ಲಿಯೂ ‘ಬಿಕಾಸ್’ ಇಲ್ಲ. ತಿಂಗಳು ಜುಲೈ ಎಂದು ಒಂದು ಕಡೆ, ಮೇಲ್ಭಾಗದ ಬೆಟ್ಟಗಳಲ್ಲಿ ಮಳೆಯೆಂದು ಇನ್ನೊಂದು ಕಡೆ, ದೋಣಿ ಸಾಲದೆಂದು ಮತ್ತೊಂದು ಕಡೆ ಇದೆ. ಮೂರನ್ನೂ ಕೂಡಿಸಿದರೆ ಉತ್ತರ. ಈಗಿನ ಮಕ್ಕಳು ಹುಟ್ಟುವ ಮೊದಲೇ ಅಣೆಕಟ್ಟು ಬಂದಿದ್ದರಿಂದ ಮನೋಳಿಯ ಹೊಳೆ ತುಂಬುವುದು ಮಳೆಗಿಂತ ಹೆಚ್ಚಾಗಿ ಗೇಟು ತೆರೆದಾಗ. 2019ರ ಆಗಸ್ಟಿನಲ್ಲಿ ನೀರು ಊರಿಗೇ ನುಗ್ಗಿದ್ದನ್ನು ಕಂಡವರಿಗೆ ಹೊಳೆಯ ರಭಸವನ್ನು ವಿವರಿಸಬೇಕಾಗಿಲ್ಲ. ಆದರೂ 1800ರಲ್ಲಿ ಗೇಟು ಇರಲಿಲ್ಲ ಎಂಬುದನ್ನು ಗದ್ಯದಿಂದ ತಿಳಿದುಕೊಳ್ಳಲೇಬೇಕು.

ಆರನೆಯದು ಕಠಿಣ. ಇಂಗ್ಲಿಷರ ದಾಖಲೆಗಳು ಧೋಂಡಿಯಾನನ್ನು ‘ಫ್ರೀಬೂಟರ್’ ಎಂದು ಕರೆದವು, ಅಂದರೆ ಲೂಟಿಕೋರ. ಅವನಾದರೋ ತನ್ನನ್ನು ಎರಡು ಲೋಕಗಳ ಒಡೆಯನೆಂದು ಕರೆದುಕೊಂಡ. ಗದ್ಯವನ್ನು ಬರೆದವರು ಯಾರ ಪಕ್ಷ, ಯಾವ ಪದದಿಂದ ಅದು ತಿಳಿಯುತ್ತದೆ? ಇದಕ್ಕೆ ಉತ್ತರಿಸಿದ ಮಗು ಇಂಗ್ಲಿಷನ್ನು ಓದಿದೆ ಎನ್ನಲು ಅನುಮಾನ ಬೇಡ.

ಪ್ರಶ್ನೆಯನ್ನು ಇಂಗ್ಲಿಷಿನಲ್ಲೇ ಕೇಳಿ ಇಂಗ್ಲಿಷಿನಲ್ಲೇ ಬರೆಯಿಸಿದರೆ ಆರನೆಯ ಪ್ರಶ್ನೆಗೆ ಮನೋಳಿಯ ಎಷ್ಟೋ ಮಕ್ಕಳಿಗೆ ಸೊನ್ನೆ ಬರುತ್ತದೆ. ಗದ್ಯ ಅರ್ಥವಾಗಿಲ್ಲವೆಂದಲ್ಲ, ಅರ್ಥವಾದದ್ದನ್ನು ಇಂಗ್ಲಿಷಿನಲ್ಲಿ ಬರೆಯಲು ಬರುವುದಿಲ್ಲವೆಂದು. ಓದಿನ ಪರೀಕ್ಷೆ ಹೀಗೆ ಸದ್ದಿಲ್ಲದೆ ಬರವಣಿಗೆಯ ಪರೀಕ್ಷೆಯಾಗುತ್ತದೆ. ಕನ್ನಡದಲ್ಲಿ ಉತ್ತರಿಸಲು ಬಿಟ್ಟರೆ? ಇಂಗ್ಲಿಷ್ ಪರೀಕ್ಷೆಯಲ್ಲಿ ಕನ್ನಡವೇ ಎಂದು ಹುಬ್ಬೇರಿಸುವವರು ಇದ್ದಾರೆ. ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದಾಗಿನ ಮ್ಯಾಟ್ರಿಕ್ಯುಲೇಷನ್ನಿನಲ್ಲಿ ಇಂಗ್ಲಿಷಿನಿಂದ ದೇಶಭಾಷೆಗೆ ಅನುವಾದ ಮಾಡಿಸುವ ಕ್ರಮವೇ ಇತ್ತು ಎಂಬುದು ಅವರಿಗೆ ಮರೆತಿರಬಹುದು. ‘ಅಸರ್’ ಎಂದು ಹೆಸರಾದ, ಪ್ರಥಮ್ ಸಂಸ್ಥೆಯ ಸಮೀಕ್ಷೆಯೂ ಇದೇ ದಾರಿ ಹಿಡಿದಿದೆ. ಮಗು ಇಂಗ್ಲಿಷ್ ವಾಕ್ಯವನ್ನು ಓದಿದ ಮೇಲೆ ಅದರ ಅರ್ಥವನ್ನು ತನ್ನ ಭಾಷೆಯಲ್ಲಿ ಹೇಳಬೇಕು. 2023ರಲ್ಲಿ 14ರಿಂದ 18 ವಯಸ್ಸಿನವರನ್ನು ದೇಶದ ಆಯ್ದ ಗ್ರಾಮೀಣ ಜಿಲ್ಲೆಗಳಲ್ಲಿ ಹೀಗೆ ಪರೀಕ್ಷಿಸಿದಾಗ ಸರಳ ಇಂಗ್ಲಿಷ್ ವಾಕ್ಯಗಳನ್ನು ಓದಬಲ್ಲವರು ಶೇಕಡ 57.3 ಮಾತ್ರ. ಓದಿದವರಲ್ಲೂ ಅರ್ಥ ಹೇಳಬಲ್ಲವರು ಸುಮಾರು ಮುಕ್ಕಾಲು ಪಾಲು. ಬಾಯಿಂದ ಓದುವುದು ಬೇರೆ, ತಿಳಿಯುವುದು ಬೇರೆ ಎಂಬುದನ್ನು ಎರಡನೆಯ ಅಂಕಿಯೇ ಹೇಳುತ್ತದೆ. ಎರಡನ್ನೂ ಬೇರೆ ಬೇರೆ ಕೇಳಿದ್ದರಿಂದಲೇ ಅದು ಗೊತ್ತಾಯಿತು.

ಮುಚ್ಚಿಟ್ಟು ನೋಡುವ ಉಪಾಯ

ಪ್ರಶ್ನೆಪತ್ರಿಕೆಯ ಗುಣವನ್ನು ಪರೀಕ್ಷಿಸಲು ದೊಡ್ಡ ಯಂತ್ರಗಳೇನೂ ಬೇಡ. 1970ರ ದಶಕದಲ್ಲಿ ಅಮೆರಿಕದ ಸಂಶೋಧಕರು ಒಂದು ಸರಳ ಉಪಾಯ ಮಾಡಿದರು. ಹೆಸರಾಂತ ಓದಿನ ಪರೀಕ್ಷೆಗಳ ಗದ್ಯಭಾಗವನ್ನು ತೆಗೆದುಹಾಕಿ ಬರೀ ಪ್ರಶ್ನೆಗಳನ್ನು, ಉತ್ತರದ ಆಯ್ಕೆಗಳನ್ನು ಮಕ್ಕಳಿಗೆ ಕೊಟ್ಟರು. ನಾಲ್ಕು ಆಯ್ಕೆಗಳಿದ್ದರೆ ಕಣ್ಣುಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು ಸರಿಯಾಗಬೇಕು. ಆದರೆ ಮಕ್ಕಳು ಅದಕ್ಕಿಂತ ಎಷ್ಟೋ ಹೆಚ್ಚು ಸರಿ ಮಾಡಿದರು. ಗದ್ಯವನ್ನೇ ನೋಡದೆ! ಸಾಮಾನ್ಯ ಜ್ಞಾನ, ಆಯ್ಕೆಗಳ ಉದ್ದಗಿಡ್ಡ, ಒಂದು ಪ್ರಶ್ನೆಯೊಳಗೆ ಅಡಗಿದ ಇನ್ನೊಂದರ ಉತ್ತರ, ಇವೆಲ್ಲ ನೆರವಿಗೆ ಬಂದವು. ಈ ಉಪಾಯವನ್ನು ಯಾವ ಶಾಲೆಯ ಶಿಕ್ಷಕರೂ ಒಂದು ತಾಸಿನಲ್ಲಿ ಮಾಡಿ ನೋಡಬಹುದು. ಗದ್ಯ ಮುಚ್ಚಿದರೂ ಅಂಕ ಬರುತ್ತಿದ್ದರೆ ಆ ಪ್ರಶ್ನೆಯನ್ನು ಕೈಬಿಡಬೇಕು.

ಇನ್ನೊಂದು ಲೆಕ್ಕ ಬಿ.ಎಡ್. ಓದಿದವರಿಗೆಲ್ಲ ಗೊತ್ತು, ಮಾಡಿದವರು ವಿರಳ. ನಲವತ್ತು ಮಕ್ಕಳ ಉತ್ತರಪತ್ರಿಕೆಗಳನ್ನು ಒಟ್ಟು ಅಂಕದ ಪ್ರಕಾರ ಜೋಡಿಸಿಕೊಳ್ಳಬೇಕು. ಮೇಲಿನ ಹನ್ನೊಂದು, ಕೆಳಗಿನ ಹನ್ನೊಂದು ಎತ್ತಿಕೊಳ್ಳಬೇಕು. ಎರಡು ತುದಿಗಳಿಂದ ಶೇಕಡ 27ರಷ್ಟು ತೆಗೆದುಕೊಳ್ಳುವುದು ಸೂಕ್ತವೆಂದು ಅಮೆರಿಕದ ಟ್ರೂಮನ್ ಕೆಲ್ಲಿ 1939ರಲ್ಲಿ ತೋರಿಸಿಕೊಟ್ಟ. ಒಂದು ಪ್ರಶ್ನೆಗೆ ಮೇಲಿನ ಹನ್ನೊಂದರಲ್ಲಿ ಒಂಬತ್ತು, ಕೆಳಗಿನ ಹನ್ನೊಂದರಲ್ಲಿ ಮೂವರು ಸರಿಯುತ್ತರ ಕೊಟ್ಟಿದ್ದರೆ ಒಂಬತ್ತರಲ್ಲಿ ಮೂರು ಕಳೆದು ಹನ್ನೊಂದರಿಂದ ಭಾಗಿಸಬೇಕು. 0.55 ಬರುತ್ತದೆ, ಒಳ್ಳೆಯ ಪ್ರಶ್ನೆ. ಮೇಲೆ ಹತ್ತು, ಕೆಳಗೂ ಹತ್ತು ಎಂದಾದರೆ ಸೊನ್ನೆ. ಆ ಪ್ರಶ್ನೆ ಬಲ್ಲವರನ್ನೂ ಅರಿಯದವರನ್ನೂ ಬೇರ್ಪಡಿಸಲಿಲ್ಲ. ಮೇಲೆ ಮೂವರು, ಕೆಳಗೆ ಆರು ಎಂದು ಬಂದರೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಜಾಣ ಮಕ್ಕಳು ತಪ್ಪು ಮಾಡಿ ಉಳಿದವರು ಸರಿ ಮಾಡಿದ ಪ್ರಶ್ನೆಯೆಂದರೆ ಸಾಮಾನ್ಯವಾಗಿ ಪ್ರಶ್ನೆಯಲ್ಲೇ ಎಡವಟ್ಟಿದೆ ಎಂದರ್ಥ. ಒಂದೋ ಎರಡು ಉತ್ತರ ಸರಿಯಿರುತ್ತವೆ, ಇಲ್ಲವೇ ಉತ್ತರಸೂಚಿಯೇ ತಪ್ಪಿರುತ್ತದೆ.

ರಾಜ್ಯಮಟ್ಟದಲ್ಲಿ ಈ ಲೆಕ್ಕಕ್ಕೆ ಒಂದು ಅಪೂರ್ವ ಅವಕಾಶ ಒದಗಿತ್ತು. ಕೋವಿಡ್ ಕಾರಣದಿಂದ 2021ರ ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಾಗ ಪ್ರತಿ ವಿಷಯಕ್ಕೂ ನಲವತ್ತು ಬಹುಆಯ್ಕೆ ಪ್ರಶ್ನೆ, ಒಎಂಆರ್ ಹಾಳೆ. ಯಾವ ಪ್ರಶ್ನೆಯನ್ನು ಯಾವ ಮಗು ಹೇಗೆ ಗುರುತಿಸಿತು ಎಂಬುದು ಗಣಕಯಂತ್ರದೊಳಗೆ ಸೇರುತ್ತದೆ. ಅಷ್ಟು ಲಕ್ಷ ಮಕ್ಕಳ ಮೇಲೆ ಒಂದೊಂದು ಪ್ರಶ್ನೆಯ ತೂಕ ನೋಡಲು ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಗಲಾರದು.

ಬರೆಯುವ ಉತ್ತರಗಳದ್ದು ಬೇರೆ ಗೋಳು. ಇಂಗ್ಲೆಂಡಿನಲ್ಲಿ 1935ರಲ್ಲಿ ಹಾರ್ಟಾಗ್ ಮತ್ತು ರೋಡ್ಸ್ ಎಂಬವರು, ಒಂದೇ ಅಂಕ ಪಡೆದಿದ್ದ ಇತಿಹಾಸದ ಉತ್ತರಪತ್ರಿಕೆಗಳನ್ನು ಹಲವು ಪರೀಕ್ಷಕರಿಗೆ ಮತ್ತೆ ಕೊಟ್ಟು ನೋಡಿದ ವರದಿ ಪ್ರಕಟಿಸಿದರು. ಬಂದದ್ದು ನಲವತ್ತಕ್ಕೂ ಹೆಚ್ಚು ಬಗೆಯ ಅಂಕ. ಮೌಲ್ಯಮಾಪನ ಕೇಂದ್ರದಲ್ಲಿ ದಿನವಿಡೀ ಬಿಸಿಲಲ್ಲಿ ಕುಳಿತು ಪತ್ರಿಕೆ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಕಾಣದು.

ಬೆಂಗಳೂರಿನಲ್ಲಿ ನಡೆದ ಪರೀಕ್ಷೆಯ ಪರೀಕ್ಷೆ

ಇಂಗ್ಲಿಷ್ ಪರೀಕ್ಷೆ ನ್ಯಾಯವಾಗಿರಬೇಕೆಂಬ ಚಿಂತೆ ಕರ್ನಾಟಕಕ್ಕೆ ಹೊಸದಲ್ಲ. ಜಗತ್ತಿನಾದ್ಯಂತ ಭಾಷಾ ಶಿಕ್ಷಕರು ಇಂದಿಗೂ ಪ್ರಸ್ತಾಪಿಸುವ ಒಂದು ಪ್ರಯೋಗ ನಡೆದದ್ದು ನಮ್ಮಲ್ಲೇ. ಎನ್.ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಕಾರದೊಂದಿಗೆ, ದಕ್ಷಿಣದ ಕೆಲವು ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣ ಪಾಠವನ್ನು ಬದಿಗಿಟ್ಟರು. ನಕ್ಷೆ ನೋಡಿ ದಾರಿ ಹೇಳು, ರೈಲಿನ ವೇಳಾಪಟ್ಟಿ ಓದಿ ಯಾವ ಗಾಡಿ ಹಿಡಿಯಬೇಕು ಹೇಳು ಎಂಬಂಥ ಕೆಲಸಗಳ ಮೂಲಕವೇ ಇಂಗ್ಲಿಷ್ ಕಲಿಸಿದರು. ‘ಬೆಂಗಳೂರು ಪ್ರಾಜೆಕ್ಟ್’ ಎಂದು ಅದು ಹೆಸರಾಯಿತು.

ಅದು ಫಲಿಸಿತೇ ಎಂದು ನೋಡಲು ಬಂದ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಎದುರಿಗೆ ದೊಡ್ಡ ತೊಡಕಿತ್ತು. ವ್ಯಾಕರಣದ ಪರೀಕ್ಷೆ ಕೊಟ್ಟರೆ ಹಳೆಯ ಪದ್ಧತಿಯ ಮಕ್ಕಳು ಗೆಲ್ಲುತ್ತಾರೆ, ವೇಳಾಪಟ್ಟಿ ಕೊಟ್ಟರೆ ಪ್ರಭು ಅವರ ಮಕ್ಕಳು. ಅಂದರೆ ಪರೀಕ್ಷೆ ಯಾರದೋ ಅವರೇ ಪಾಸು. ಅವರು ಕಂಡುಕೊಂಡ ದಾರಿ ಹೀಗಿತ್ತು: ಎರಡೂ ಕಡೆಗೆ ಒಂದೊಂದು ಅವರವರ ಪರೀಕ್ಷೆ, ಜೊತೆಗೆ ಯಾರ ಪಾಠಕ್ಕೂ ಅಂಟಿಕೊಳ್ಳದ ಮೂರು ಪರೀಕ್ಷೆಗಳು. ಸಂದರ್ಭದೊಳಗಿನ ವ್ಯಾಕರಣ, ಉಕ್ತಲೇಖನ, ಕೇಳಿ ಮತ್ತು ಓದಿ ತಿಳಿಯುವುದು. 1985ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಎರಡೂ ಗುಂಪುಗಳು ತಮ್ಮ ತಮ್ಮ ಪರೀಕ್ಷೆಯಲ್ಲಿ ಮುಂದಿದ್ದವು, ನಡುವಿನ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಭು ಅವರ ಮಕ್ಕಳದೇ ಮೇಲುಗೈ. ಫಲಿತಾಂಶದ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಪರೀಕ್ಷೆ ಯಾರ ಪಕ್ಷವೆಂದು ಮೊದಲು ಕೇಳಬೇಕು ಎಂಬ ಪಾಠ ಬೆಂಗಳೂರಿನಿಂದ ಹೊರಟು ಜಗತ್ತು ಸುತ್ತಿತು. ನಮ್ಮ ಎಸ್ಸೆಸ್ಸೆಲ್ಸಿಯ ಬಾಗಿಲಿಗೆ ಮಾತ್ರ ಬರಲಿಲ್ಲ.

ಬಂದದ್ದು ನೀಲನಕ್ಷೆ. ಷಿಕಾಗೋದ ಬೆಂಜಮಿನ್ ಬ್ಲೂಮ್ 1950ರ ದಶಕದ ಕೊನೆಯಲ್ಲಿ ಭಾರತಕ್ಕೆ ಬಂದು ಪರೀಕ್ಷಾ ಸುಧಾರಣೆಯ ಸಲಹೆ ಕೊಟ್ಟು ಹೋದ ಮೇಲೆ, ಜ್ಞಾನಕ್ಕೆ ಇಷ್ಟು, ತಿಳಿವಳಿಕೆಗೆ ಇಷ್ಟು, ಅನ್ವಯಕ್ಕೆ ಇಷ್ಟು ಅಂಕವೆಂದು ಚೌಕ ಹಾಕಿ ಪ್ರಶ್ನೆಪತ್ರಿಕೆ ತಯಾರಿಸುವುದು ರೂಢಿಯಾಯಿತು. ಚೌಕ ತುಂಬಿರುತ್ತದೆ. ‘ತಿಳಿವಳಿಕೆ’ ಎಂಬ ಕಾಲಮ್ಮಿನ ಕೆಳಗೆ ಕುಳಿತ ಪ್ರಶ್ನೆಗೆ ಉತ್ತರ ಪ್ಯಾಕೇಜಿನಲ್ಲಿ ಸಿದ್ಧವಿದ್ದರೆ ಅದು ಜ್ಞಾಪಕದ ಪ್ರಶ್ನೆಯೇ ಸೈ, ಕಾಲಮ್ಮಿನ ಹೆಸರು ಏನೇ ಇರಲಿ.

1966ರಲ್ಲಿ ಹುಟ್ಟಿದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ 2022ರಲ್ಲಿ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯಾಗಿ ಹೊಸ ಹೆಸರು ಪಡೆಯಿತು. ಈಚಿನ ಸುಧಾರಣೆಯ ಗಮನವೆಲ್ಲ ಕೊಠಡಿಯ ಮೇಲೆ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ಶೇಕಡ 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿ ಕೊಟ್ಟರೂ 73.40ಕ್ಕೆ ಇಳಿಯಿತು. ನಕಲು ತಡೆಯುವುದು ಬೇಕಾದದ್ದೇ. ಆದರೆ ಲೋಮಟನ ಗದ್ಯವನ್ನು ಕ್ಯಾಮೆರಾದ ಕೆಳಗೆ ಓದಿಸಿದರೂ ಅದು ಲೋಮಟನ ಗದ್ಯವೇ.

ಓದಿನ ಕೊರತೆಯೋ, ಭಾಷೆಯ ಕೊರತೆಯೋ?

ಒಂದು ಪ್ರಶ್ನೆ ಉಳಿಯುತ್ತದೆ. ಮಗು ಇಂಗ್ಲಿಷ್ ಗದ್ಯದಲ್ಲಿ ಸೋತರೆ ಅದಕ್ಕೆ ಓದಲು ಬರುವುದಿಲ್ಲವೋ, ಇಂಗ್ಲಿಷ್ ಬರುವುದಿಲ್ಲವೋ? ಬ್ರಿಟಿಷ್ ವಿದ್ವಾಂಸ ಚಾರ್ಲ್ಸ್ ಆಲ್ಡರ್ಸನ್ 1984ರಲ್ಲಿ ಹೀಗೆಯೇ ಕೇಳಿದ್ದ. ಎರಡಕ್ಕೂ ಮದ್ದು ಬೇರೆ ಬೇರೆ. ಧೋಂಡಿಯಾನ ಪ್ರಸಂಗವನ್ನೇ ಕನ್ನಡದಲ್ಲಿ ಕೊಟ್ಟು ಐದನೆಯ ಮತ್ತು ಆರನೆಯ ಪ್ರಶ್ನೆ ಕೇಳಿದರೆ ತಿಳಿದುಬಿಡುತ್ತದೆ. ಕನ್ನಡದಲ್ಲೂ ಮೂರು ಸುಳಿವುಗಳನ್ನು ಕೂಡಿಸಲಾಗದ ಮಗುವಿಗೆ ಇಂಗ್ಲಿಷ್ ವ್ಯಾಕರಣ ಎಷ್ಟು ಕಲಿಸಿದರೂ ಐದನೆಯ ಪ್ರಶ್ನೆ ದಕ್ಕದು. ಕನ್ನಡದಲ್ಲಿ ಸಲೀಸಾಗಿ ಹೇಳುವ ಮಗುವಿಗೆ ಬೇಕಾದದ್ದು ಪದಸಂಪತ್ತು ಮತ್ತು ಅಭ್ಯಾಸ. ಸರ್ಕಾರಿ ಶಾಲೆಗಳಲ್ಲಿ 2007ರಿಂದೀಚೆಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಹತ್ತು ವರ್ಷದ ಆ ಕಲಿಕೆ ಎಲ್ಲಿ ಸೋರುತ್ತಿದೆ ಎಂದು ಹೇಳಬಲ್ಲ ಪರೀಕ್ಷೆ ಹತ್ತನೆಯ ತರಗತಿಯ ಕೊನೆಗಲ್ಲ, ಎಂಟನೆಯ ತರಗತಿಯ ಮೊದಲ ವಾರದಲ್ಲಿ ಬೇಕು. ಅದಕ್ಕೆ ಅಂಕಪಟ್ಟಿಯೂ ಬೇಡ, ಪಾಸು ನಪಾಸೂ ಬೇಡ.

ಗದ್ಯಭಾಗ ಮಗುವಿನ ಮಟ್ಟಕ್ಕೆ ತಕ್ಕದ್ದೇ ಎಂದು ನೋಡಲೂ ಒಂದು ಅಗ್ಗದ ಉಪಾಯವಿದೆ. 1953ರಲ್ಲಿ ವಿಲ್ಸನ್ ಟೇಲರ್ ಎಂಬ ಅಮೆರಿಕನ್ ‘ಕ್ಲೋಜ್’ ಎಂಬ ವಿಧಾನವನ್ನು ಮುಂದಿಟ್ಟ. ಅದು ಮೊದಲು ಪ್ರಕಟವಾದದ್ದು ಪತ್ರಿಕೋದ್ಯಮದ ನಿಯತಕಾಲಿಕದಲ್ಲಿ, ಬರೆದದ್ದು ಓದುಗರಿಗೆ ಎಷ್ಟು ಸುಲಭವೆಂದು ಅಳೆಯಲು. ಗದ್ಯದಲ್ಲಿ ಪ್ರತಿ ಐದನೆಯದೋ ಏಳನೆಯದೋ ಪದವನ್ನು ತಪ್ಪದೆ ಅಳಿಸಿ ಗೆರೆ ಎಳೆಯುವುದು, ಓದುವವರು ತುಂಬುವುದು. ‘ಮಲಪ್ರಭೆಯ ದಂಡೆಯ ಮೇಲೆ ಒಂದು ಹಳೆಯ — ಇದೆ, ಅದರ ಗೋಡೆಗಳು ಈಗ — ಬಿದ್ದಿವೆ’ ಎಂದರೆ ಕನ್ನಡ ಬಲ್ಲವರು ಕೋಟೆಯನ್ನೂ ಕುಸಿತವನ್ನೂ ತಾವೇ ಕಂಡುಕೊಳ್ಳುತ್ತಾರೆ. ಇದರಲ್ಲಿ ಎತ್ತಿ ಬರೆಯಲು ಸಾಲಿಲ್ಲ, ಪ್ಯಾಕೇಜೂ ಇಲ್ಲ. ತರಗತಿಯ ಬಹುಪಾಲು ಮಕ್ಕಳು ಮೂರರಲ್ಲಿ ಒಂದು ಗೆರೆಯನ್ನೂ ತುಂಬಲಾರದಿದ್ದರೆ ಗದ್ಯ ಅವರ ಮಟ್ಟಕ್ಕೆ ಮೀರಿದ್ದು, ಅದರ ಮೇಲೆ ಪ್ರಶ್ನೆ ಕೇಳಿ ಫಲವಿಲ್ಲ. ಇದಕ್ಕೂ ಮಿತಿಯಿದೆ, ಅಳಿಸಿದ ಪದ ಬರೀ ‘ದ’ ಎಂದೋ ‘ಆಫ್’ ಎಂದೋ ಆದರೆ ಅದು ವ್ಯಾಕರಣದ ಪರೀಕ್ಷೆಯಾಗುತ್ತದೆ. ಆದರೂ ಒಂದು ಬಿಳಿ ಹಾಳೆ, ಒಂದು ಗೆರೆಪಟ್ಟಿಯ ಖರ್ಚಿನಲ್ಲಿ ಇಷ್ಟು ತಿಳಿಸುವ ಸಾಧನ ಬೇರೆ ಸಿಗದು.

ಗದ್ಯದ ವಿಷಯವೂ ನೋಡಬೇಕಾದದ್ದೇ. ನೆಲದಡಿಯ ರೈಲು, ಹಿಮದ ಮೇಲಿನ ಜಾರಾಟ, ಸೂಪರ್ ಮಾರ್ಕೆಟ್ಟಿನ ಸಾಲು, ಇವುಗಳ ಮೇಲಿನ ಗದ್ಯ ಬೆಂಗಳೂರಿನ ಮಗುವಿಗೆ ಅರ್ಧ ತಿಳಿದೇ ಇರುತ್ತದೆ. ಸವದತ್ತಿ ಗುಡ್ಡದ ಜಾತ್ರೆಗೆ ಚಕ್ಕಡಿ ಹೂಡುವುದು, ಬಿಳಿಜೋಳದ ರಾಶಿ ಮಾಡುವುದು ಮನೋಳಿಯ ಮಗುವಿಗೆ ಹಾಗೆ. ರಾಜ್ಯಕ್ಕೆಲ್ಲ ಒಂದೇ ಪತ್ರಿಕೆಯೆಂದ ಮೇಲೆ ಒಂದೇ ಗದ್ಯದ ಬದಲು ಬೇರೆ ಬೇರೆ ಲೋಕದ ಮೂರು ನಾಲ್ಕು ಪುಟ್ಟ ಗದ್ಯ ಕೊಟ್ಟರೆ ಯಾರ ಪಾಲಿಗೂ ಪೂರ್ತಿ ಅನ್ಯಾಯವಾಗದು. ನಾಲ್ಕಾರು ಅಂಕದ ಜಾಗದಲ್ಲಿ ಅದು ಹಿಡಿಸುವುದಿಲ್ಲ. ಕನಿಷ್ಠ ಹದಿನೈದು ಅಂಕವಾದರೂ ಬೇಕು, ಅದನ್ನು ಪಠ್ಯದ ಪ್ರಶ್ನೆಗಳಿಂದಲೇ ಕಡಿದುಕೊಳ್ಳಬೇಕು. ಹಾಗೆ ಮಾಡಿದ ಮೊದಲ ವರ್ಷ ಫಲಿತಾಂಶ ಖಂಡಿತ ಕುಸಿಯುತ್ತದೆ, ಪತ್ರಿಕೆಗಳು ಜಿಲ್ಲಾವಾರು ಪಟ್ಟಿ ಹಾಕುತ್ತವೆ, ಯಾರಾದರೂ ಉತ್ತರ ಹೇಳಬೇಕಾಗುತ್ತದೆ. ಮೂರು ದಶಕಗಳಿಂದ ಇಂಥ ಬದಲಾವಣೆ ಕಾಗದದ ಮೇಲೆಯೇ ಉಳಿಯುವುದಕ್ಕೆ ಮುಖ್ಯ ಕಾರಣ ಈ ಪಟ್ಟಿಯ ಭಯ.

ಮುಂಬಯಿ ಸರ್ಕಾರ 1884ರಲ್ಲಿ ಹೊರತಂದ ಬೆಳಗಾವಿ ಜಿಲ್ಲೆಯ ಗ್ಯಾಸೆಟಿಯರ್ ದಪ್ಪನೆಯ ಇಂಗ್ಲಿಷ್ ಪುಸ್ತಕ. ಸವದತ್ತಿ ಆಗ ಪರಸಗಡ ತಾಲ್ಲೂಕು. ಬೆಳಗಾವಿ ಸೀಮೆಯ ಊರು, ಸಂತೆ, ಗುಡಿ, ಹಳೆಯ ಕಾಳಗಗಳ ವೃತ್ತಾಂತವೆಲ್ಲ ಅದರಲ್ಲಿದೆ, ಬರೆದವರು ಆಳುವವರು. ಮನೋಳಿಯ ಒಬ್ಬ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಲ್ಲಿ ಅದನ್ನು ಕೈಗೆತ್ತಿಕೊಂಡಳೆಂದಿಟ್ಟುಕೊಳ್ಳಿ. ಒಂದು ಪುಟ ಓದಿ, ಅಲ್ಲಿರುವುದೇನು, ಅದನ್ನು ಬರೆದವರು ಯಾರ ಪಕ್ಷ ಎಂದು ಮನೆಯಲ್ಲಿ ಅಜ್ಜನಿಗೆ ಕನ್ನಡದಲ್ಲಿ ಹೇಳಬಲ್ಲಳೇ? ಅವಳ ಅಂಕಪಟ್ಟಿಯಲ್ಲಿ ಇಂಗ್ಲಿಷಿನ ಎದುರು ಒಂದು ಅಂಕೆ ಇರುತ್ತದೆ. ಇದಕ್ಕೆ ಉತ್ತರ ಆ ಅಂಕೆಯಲ್ಲಿ ಈಗ ಸಿಗುವುದಿಲ್ಲ.